ಥ್ರಾಟಲ್ ಬಾಡಿ ಹುಡುಕುವುದು ಹೇಗೆ?

ರೈಲ್ವೆ ಗೇಟಿನ ಎದುರು ನಿಂತಾಗ ಕಾರು ನಡುಗುತ್ತದೆ, ಒಮ್ಮೊಮ್ಮೆ ಆಫೇ ಆಗುತ್ತದೆ. ‘ಥ್ರಾಟಲ್ ಬಾಡಿ ಕ್ಲೀನ್ ಮಾಡಿ’ ಅಂತ ಯಾರೋ ಹೇಳುತ್ತಾರೆ. ಸರಿ, ಬಾನೆಟ್ ಎತ್ತಿ ಕಂಡ ಕಂಡಲ್ಲಿ ಸ್ಪ್ರೇ! ಕುಂಬಳೆ, ಬದಿಯಡ್ಕ ಕಡೆ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಫಿಲ್ಟರ್ ಒದ್ದೆ, ಸೆನ್ಸರ್ ಒದ್ದೆ, ಥ್ರಾಟಲ್ ಬಾಡಿಗೆ ಮಾತ್ರ ಒಂದು ಹನಿಯೂ ತಾಗಿರುವುದಿಲ್ಲ.

ಇದು ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು. ಲೋಹದ ಕೊಳವೆ, ಒಳಗೆ ತಿರುಗುವ ದುಂಡು ತಟ್ಟೆ. ಆಕ್ಸಿಲರೇಟರ್ ಒತ್ತಿದರೆ ತಟ್ಟೆ ತೆರೆಯುತ್ತದೆ. ಒಳಗೆ ಬಂದ ಗಾಳಿ ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲ್ ಕೊಡುತ್ತದೆ. ಡೀಸೆಲ್ ಕಾರಿನ ಲೆಕ್ಕ ಬೇರೆ, ಅದನ್ನು ಗ್ಯಾರೇಜಿಗೇ ಬಿಡಿ.

1. ಎಂಜಿನ್ ತಣಿದಿರಲಿ. ಕೀ ತೆಗೆದಿಡಿ.

2. ಏರ್ ಫಿಲ್ಟರಿನ ಕಪ್ಪು ಪ್ಲಾಸ್ಟಿಕ್ ಡಬ್ಬ ಹುಡುಕಿ. ಅದಕ್ಕೆ ಎರಡು ದಾರಿ. ಒಂದು ಮುಂದಿನ ಗ್ರಿಲ್ ಕಡೆಗೆ ಹೋಗಿ ಹೊರಗಿನ ಗಾಳಿ ಎಳೆಯುತ್ತದೆ. ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ. ಇನ್ನೊಂದು ದಪ್ಪ ರಬ್ಬರ್ ಪೈಪ್, ಮೈಯೆಲ್ಲ ಮಡಿಕೆ ಮಡಿಕೆ. ಅದರ ಮೇಲೆ ಕೈಯಾಡಿಸುತ್ತಾ ಎಂಜಿನ್ ಕಡೆಗೆ ಹೋಗಿ. ಕ್ಲ್ಯಾಂಪ್ ಬಿಗಿದು ರಬ್ಬರ್ ಮುಗಿದು ಲೋಹ ಶುರುವಾಗುತ್ತದಲ್ವಾ, ಅದೇ ಥ್ರಾಟಲ್ ಬಾಡಿ. ಅದರ ಹಿಂದೆ ಸಿಲಿಂಡರುಗಳಿಗೆ ಕವಲೊಡೆಯುವ ಮ್ಯಾನಿಫೋಲ್ಡ್. ಕೆಲವು ಕಾರುಗಳಲ್ಲಿ ಫಿಲ್ಟರ್ ಡಬ್ಬ ಎಂಜಿನ್ ಮೇಲೆಯೇ ಕೂತಿರುತ್ತದೆ. ಅದನ್ನು ಬಿಚ್ಚದೆ ಏನೂ ಕಾಣದು.

ಇನ್ನೂ ಅನುಮಾನವೇ? ಹಳೆಯ ಕಾರಾದರೆ ಪಕ್ಕದಲ್ಲಿ ಕೇಬಲ್ ಇರುತ್ತದೆ, ಪೆಡಲ್ ಒತ್ತಿಸಿದರೆ ಅದು ಎಳೆಯುವುದು ಕಾಣುತ್ತದೆ. ಹೊಸತಾದರೆ ಕೇಬಲ್ ಬದಲು ಮೋಟರಿನ ಗೂಡು, ಅದಕ್ಕೆ ವಯರುಗಳ ಕನೆಕ್ಟರ್. ಕೆಲವದಕ್ಕೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಹೋಗುವ ಸಣ್ಣ ಪೈಪುಗಳೂ ಇರುತ್ತವೆ. ಅವುಗಳ ತಂಟೆಗೆ ಹೋಗಬೇಡಿ ಮಾರಾಯ್ರೆ.

3. ಕ್ಲ್ಯಾಂಪ್ ಸಡಿಲಿಸಿ ಪೈಪ್ ತೆಗೆಯಿರಿ, ಟಾರ್ಚ್ ಹಾಕಿ. ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡು ಇದ್ದರೆ ನಡುಕಕ್ಕೆ ಅದೂ ಒಂದು ಕಾರಣ ಇರಬಹುದು. ಅಡಿಕೆ ಗೋದಾಮಿನ ಪಕ್ಕ ಕಾರು ನಿಲ್ಲಿಸುವವರು ಫಿಲ್ಟರ್ ಡಬ್ಬದೊಳಗೂ ಇಣುಕಿ. ಇಲಿ ತಂದಿಟ್ಟ ಅಡಿಕೆ ಸಿಪ್ಪೆ, ಕಚ್ಚಿದ ವಯರು ಸಿಕ್ಕರೆ ಆಶ್ಚರ್ಯ ಬೇಡ.

4. ‘ಥ್ರಾಟಲ್ ಬಾಡಿ ಕ್ಲೀನರ್’ ಅಂತ ಬರೆದಿರುವ ಡಬ್ಬವನ್ನೇ ಕೊಳ್ಳಿ. ಅಗ್ಗಕ್ಕೆ ಸಿಗುತ್ತದೆಂದು ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೆ ಕೆಲವು ಕಾರುಗಳಲ್ಲಿ ಒಳಗಿನ ಲೇಪ ಕಿತ್ತು ಬರುತ್ತದೆ. ಉಪ್ಪುಕಾಗದ ಅಂತೂ ಬೇಡವೇ ಬೇಡ. ಬಟ್ಟೆಗೆ ಸ್ಪ್ರೇ ಮಾಡಿ, ಅಂಚನ್ನು ಮೆತ್ತಗೆ ಒರೆಸಿ. ಮೋಟರ್ ಇರುವ ತಟ್ಟೆಯನ್ನು ಬೆರಳಿಂದ ದೂಡಬೇಡಿ, ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದರೆ ಪೂರ್ತಿ ಬದಲಿಸುವ ಖರ್ಚು.

5. ಪೈಪ್ ಹಾಕಿ ಕ್ಲ್ಯಾಂಪ್ ಬಿಗಿಯಿರಿ. ಅದು ಸಡಿಲವಾದರೆ ಪಕ್ಕದಿಂದ ಗಾಳಿ ನುಗ್ಗಿ ಕೆಲವು ಕಾರುಗಳಲ್ಲಿ ನಡುಕ ಮತ್ತೆ ಶುರುವಾಗಬಹುದು. ಸ್ಟಾರ್ಟ್ ಮಾಡಿದಾಗ ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ವೇಗ) ಸ್ವಲ್ಪ ಜಾಸ್ತಿ ಇದ್ದರೆ ಗಾಬರಿಯಾಗಬೇಡಿ. ಎಂಜಿನ್ ಬಿಸಿಯಾಗಿ ಸ್ವಲ್ಪ ಓಡಿಸಿದ ಮೇಲೂ ಆರ್‌ಪಿಎಂ 700–900ರ ಆಸುಪಾಸಿಗೆ ಇಳಿಯದಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಐಡಲ್ ರೀಸೆಟ್ ಮಾಡಿಸಿ.