ಊರಲ್ಲಿರುವ ಅಪ್ಪ-ಅಮ್ಮನ ಮಳೆಗಾಲದ ತಯಾರಿ ಹೇಗೆ?

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡು. ಗುಡ್ಡ ಕುಸಿದ ಸುದ್ದಿ ಬಂದ ಕೂಡಲೇ ಬೆಂಗಳೂರಿನ ಮಕ್ಕಳು ಊರಿಗೆ ಫೋನ್ ಮಾಡುತ್ತಾರೆ. ‘ನಮಗೇನೂ ಆಗಲ್ಲ, ಎಷ್ಟು ಮಳೆ ನೋಡಿಲ್ಲ ನಾವು’ ಅಂತ ಅಪ್ಪ ಫೋನ್ ಇಡುತ್ತಾರೆ. ಮಳೆ ಹೊಯ್ಯುವಾಗ ಮನೆ ಬಿಟ್ಟು ಹೊರಡುವ ಮಾತು ಮುಂದೆ ಹೋಗುವುದಿಲ್ಲ. ಮೃಗಶಿರಾ ಮಳೆ ಹಿಡಿಯುವ ಮುಂಚೆ, ಮೇ ರಜೆಗೆ ಹೋದಾಗಲೇ ಜಗಲಿಯಲ್ಲಿ ಕೂತು ಆಡಿ ಮುಗಿಸಿ.

ಮೊದಲು, ಮನೆ ಬಿಡೋಕೆ ಏನು ತೊಂದರೆ ಅಂತ ಕೇಳಿ. ಸುಮ್ನೆ ಹಟ ಅಂದುಕೊಳ್ಳಬೇಡಿ. ಕೊಟ್ಟಿಗೆಯಲ್ಲಿ ಹಸು ಇರುತ್ತದೆ, ನಾಯಿ ಇರುತ್ತದೆ, ದೇವರ ದೀಪ ಇರುತ್ತದೆ. ಹಸುವನ್ನು ಯಾರ ಮನೆಯಲ್ಲಿ ಕಟ್ಟುವುದು ಅಂತ ಈಗಲೇ ಮಾತಾಡಿ. ಯಾವ ವ್ಯವಸ್ಥೆಯೂ ಆಗದಿದ್ದರೆ ಹಗ್ಗ ಬಿಚ್ಚಿ ಬಿಟ್ಟು ಹೊರಡಬೇಕು, ಇದನ್ನೂ ಒಪ್ಪಿಸಿಬಿಡಿ.

ಆಮೇಲೆ, ಯಾವಾಗ ಹೊರಡುವುದು, ಎಲ್ಲಿಗೆ ಅಂತ ನಿಕ್ಕಿ ಮಾಡಿ. ಆರೆಂಜ್ ಅಲರ್ಟ್ ಮಲೆನಾಡಿಗೆ ಹೊಸದೇನಲ್ಲ, ಪ್ರತಿ ಸಲ ಮನೆ ಬಿಡಲು ಆಗಲ್ಲ. ಹಾಗಾಗಿ ಆರೆಂಜ್ ಬಂದರೆ, ಹೊರಡುವಾಗ ಒಯ್ಯುವ ಚೀಲ ತುಂಬಿ ಬಾಗಿಲ ಬಳಿ ಇರಲಿ. ರೆಡ್ ಅಂದರೆ ಒಂದೇ ದಿನದಲ್ಲಿ 204 ಮಿ.ಮೀ.ಗೂ ಜಾಸ್ತಿ ಮಳೆಯ ಮುನ್ಸೂಚನೆ. ಗುಡ್ಡದ ಬುಡದಲ್ಲಿ ಮನೆ ಇರುವವರು ಆಗ ಹಗಲು ಹೊತ್ತಿನಲ್ಲೇ ಹೊರಟುಬಿಡಲಿ. ಊರುಗೋಲು ಹಿಡಿದವರು ಕತ್ತಲಲ್ಲಿ, ಕೆಸರಲ್ಲಿ ನಡೆಯೋದು ಬೇಡವೇ ಬೇಡ. ಸರ್ಕಾರದ ‘ಸಚೇತ್’ ಆ್ಯಪ್ ಹಾಕಿಕೊಂಡರೆ ಎಚ್ಚರಿಕೆ ನಿಮ್ಮ ಫೋನಿಗೇ ಬರುತ್ತದೆ.

ಅಲರ್ಟ್ ಇಲ್ಲದಿದ್ದರೂ ಕಾಯಬಾರದ ಕೆಲವು ಗುರುತುಗಳಿವೆ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಕರೆಂಟ್ ಕಂಬ, ಇಲ್ಲದ ಕಡೆ ಉಕ್ಕುವ ಒರತೆ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ಇಳಿದುಹೋದ ಹಳ್ಳದ ನೀರು. ಇವನ್ನು ಹಿರಿಯರಿಗೆ ನಾವು ಕಲಿಸಬೇಕಿಲ್ಲ. ಕಂಡ ಕೂಡಲೇ ಹೊರಡುವ ಒಪ್ಪಂದವಷ್ಟೇ ಬೇಕು.

ಈಗ ಚೀಲ. ಹೆಗಲಿಗೆ ಹಾಕುವಂಥದ್ದೇ ಇರಲಿ, ಎರಡೂ ಕೈ ಖಾಲಿ ಉಳಿಯುತ್ತವೆ. ಕೊಡೆಗಿಂತ ರೇನ್‌ಕೋಟ್ ಮೇಲು, ಅದೂ ಇದೇ ಕಾರಣಕ್ಕೆ. ಕನಿಷ್ಠ ಎರಡು ವಾರದ ಮಾತ್ರೆ ಹಾಕಿ. ಸ್ಟ್ರಿಪ್ಪನ್ನು ಕತ್ತರಿಸಿ ತುಂಬಬೇಡಿ. ಹೆಸರು, ತಾರೀಕು ಇರುವ ತುಂಡು ಮನೆಯಲ್ಲೇ ಉಳಿದರೆ ಆಮೇಲೆ ‘ಬಿಳಿ ಮಾತ್ರೆ, ಊಟಕ್ಕೆ ಮುಂಚೆ’ ಅಂತ ಹೇಳಿದರೆ ಯಾವ ಡಾಕ್ಟರಿಗೆ ಗೊತ್ತಾಗುತ್ತೆ? ಔಷಧಿ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ಫ್ರಿಜ್ ಇಲ್ಲದೆ, ತಂಪಾದ ಜಾಗದಲ್ಲಿ ನಾಲ್ಕು ವಾರದ ತನಕ ಇರುತ್ತದೆ. ನಿಮ್ಮದು ಎಷ್ಟು ದಿನ ಅಂತ ಅದರ ಚೀಟಿ ನೋಡಿಕೊಳ್ಳಿ. ಐಸಿಗೆ ತಾಗಿಸಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಹಳೇ ಕನ್ನಡಕ, ಕಿವಿ ಮೆಷಿನ್ನಿನ ಸೆಲ್ಲು, ಹಲ್ಲಿನ ಸೆಟ್ಟಿಗೊಂದು ಡಬ್ಬಿ, ಟಾರ್ಚು, ಒಣ ಬಟ್ಟೆ, ಸ್ವಲ್ಪ ಚಿಲ್ಲರೆ ದುಡ್ಡು ಸೇರಿಸಿ. ಆಧಾರ್, ಪಾಸ್‌ಬುಕ್, ಪಹಣಿ ಪ್ಲಾಸ್ಟಿಕ್ ಕವರಿನಲ್ಲಿರಲಿ. ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇದ್ದವರು ಮಾತ್ರ ಕರೆಂಟ್ ಹೋಗುವವರೆಗೆ ಕಾಯಲೇಬಾರದು, ಆರೆಂಜ್‌ಗೇ ಪೇಟೆ ಸೇರಲಿ.

ಫೋನಿಗೆ ಬಂದರೆ, ಕೀಪ್ಯಾಡ್ ಸೆಟ್ಟು ಎಸೆಯಬೇಡಿ. ಕರೆಂಟಿಲ್ಲದ ದಿನಗಳಲ್ಲಿ ಅದರ ಚಾರ್ಜ್ ಜಾಸ್ತಿ ಬಾಳುತ್ತದೆ. 112, ಆಂಬುಲೆನ್ಸಿನ 108, ಜಿಲ್ಲಾ ಕಂಟ್ರೋಲ್ ರೂಮಿನ 1077, ಪಕ್ಕದ ಮನೆಯವರ ನಂಬರು, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಇನ್ನೊಂದು ಪ್ರತಿ ಚೀಲಕ್ಕೆ. ನೆಟ್‌ವರ್ಕ್ ಹೋದರೆ ನಿಮ್ಮ ಕಾಲ್ ಮುಟ್ಟುವುದಿಲ್ಲ, ಬಂದು ಬಾಗಿಲು ತಟ್ಟುವವರು ಬೇಕು. ಆ ಕೆಲಸಕ್ಕೆ ಊರಿನ ಒಬ್ಬರನ್ನು ಕೇಳಿಕೊಳ್ಳಿ, ಅವರ ಬಳಿ ಒಂದು ಕೀಲಿಕೈ ಕೊಟ್ಟಿರಿ.

ಕೊನೆಗೆ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ: ಕಕ್ಕಸು. ಮನೆ ಬಿಟ್ಟವರಿಗೆ ಸರ್ಕಾರ ತೆರೆಯುವ ಕಾಳಜಿ ಕೇಂದ್ರ ಅಂದರೆ ಹೆಚ್ಚಾಗಿ ಶಾಲೆ ಇಲ್ಲವೇ ಸಮುದಾಯ ಭವನ. ಮಂಡಿ ನೋವಿನವರಿಗೆ ಅಲ್ಲಿ ಕೆಳಗೆ ಕೂರಲು ಆಗದಿರಬಹುದು. ಈ ಭಯಕ್ಕೇ ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮಡಚುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಒಂದನ್ನು ತಂದು ಚೀಲದ ಪಕ್ಕ ಇಡಿ. ನೆಂಟರ ಮನೆಗೆ ಹೋಗುವುದಾದರೂ ಅದು ಜೀಪಿನ ಹಿಂದೆ ಹಿಡಿಸುತ್ತದೆ.