ಒಂದು ಊರಿಗೆ ಒಂದೇ ಅತ್ತರ್

ಗಂಡ-ಹೆಂಡತಿ ನಮ್ಮಿಬ್ಬರ ಕಟ್ಟಳೆ ಬಹಳ ಸರಳ. ಪ್ರತಿ ಪ್ರವಾಸಕ್ಕೂ ಹೊಸ ಅತ್ತರ್, ಮತ್ತು ಆ ಅತ್ತರ್ ಆ ಊರಿಗೆ ಮಾತ್ರ. ಹೊರಡುವ ದಿನ ಬೆಳಿಗ್ಗೆ ಶೀಶೆ ತೆರೆಯುವುದು, ವಾಪಸ್ ಬಂದ ಮೇಲೆ ಬಿರಡೆ ಬಿಗಿದು ಅಲಮಾರಿಗೆ ಇಡುವುದು. ಮದುವೆಗೆ, ಕುಬಸಕ್ಕೆ, ಆಫೀಸಿಗೆ ಅದನ್ನು ಹಚ್ಚುವಂತಿಲ್ಲ. ಎಷ್ಟೇ ಆಸೆಯಾದರೂ ಇಲ್ಲ.

ಕಂಡದ್ದು ಕೇಳಿದ್ದು ಮಿದುಳಿನಲ್ಲಿ ಥಲಾಮಸ್ ಎಂಬ ನಾಕಾ ದಾಟಿಯೇ ಮುಂದೆ ಹೋಗಬೇಕು. ಮೂಗಿನ ಸುದ್ದಿಗೆ ಆ ನಾಕಾ ಇಲ್ಲ. ಭಾವನೆ, ನೆನಪುಗಳನ್ನು ನೋಡಿಕೊಳ್ಳುವ ಭಾಗಕ್ಕೆ ಅದು ನೇರ ಹೋಗುತ್ತದೆ. ದಿನಾ ಹಚ್ಚಿದರೆ ಆ ವಾಸನೆ ಯಾವ ಊರಿಗೂ ಸೇರದೆ ಎಲ್ಲ ದಿನಗಳದ್ದೂ ಆಗಿಬಿಡುತ್ತದೆ, ಅದಕ್ಕೇ ಈ ಬಿಗಿ. ಮಾತು ಬಿಟ್ಟು ಇಬ್ಬರೂ ಗೋಡೆ ನೋಡುತ್ತ ಮಲಗಿದ ರಾತ್ರಿಗಳಲ್ಲಿ ಹಳೆ ಶೀಶೆಯೊಂದನ್ನು ತೆಗೆದರೆ ಏನಾಗುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಅತ್ತೆಯವರೂ ಓದುತ್ತಾರೆ.

ನಾನು ಕೊಳ್ಳುವುದು ಕಲಬುರಗಿಯಲ್ಲೇ, ಖಾಜಾ ಬಂದೇ ನವಾಜ್ ದರ್ಗಾದ ಕಡೆ. ಉರುಸಿನ ಹೊತ್ತಿನಲ್ಲಿ ಅಲ್ಲಿಗೆ ಹೋಗಬೇಡಿ. ಸಂದಲ್, ಲೋಬಾನ, ಗುಲಾಬಿ ಎಲ್ಲ ಕೂಡಿದ ಗಾಳಿ ಎದೆ ತುಂಬುವಂಥದ್ದೇ, ಆದರೆ ಅದರ ನಡುವೆ ನಿಂತು ಒಂದು ಅತ್ತರ್ ಆರಿಸಲು ಸಾಧ್ಯವಿಲ್ಲ. ಸಾಮಾನ್ಯ ದಿನ, ಬೆಳಿಗ್ಗೆ, ಬಿಸಿಲೇರುವ ಮೊದಲು ಸರಿ. ನಾವು ಹೋಗುವ ಅಂಗಡಿಯ ಚಾಚಾ ಶೀಶೆಯನ್ನು ಮೂಗಿಗೆ ಹಿಡಿಯಲು ಬಿಡುವುದಿಲ್ಲ. "ಶೀಶಾಕ ಮೂಗ ಹಚ್ಚಬ್ಯಾಡ್ರಿ ಅಕ್ಕಾರ. ಕೈಗಿ ಹಚ್ಕೊಂಡು ಒಂದ್ ಸುತ್ತ ಹೋಗಿ ಬರ್ರಿ, ಆಮ್ಯಾಲ ರೊಕ್ಕದ ಮಾತು" ಅಂತಾರೆ.

ಅವರು ಹೇಳುವುದು ಖರೆ. ಮೊದಲ ಐದು ನಿಮಿಷಕ್ಕೆ ಬರುವುದು ಬೇಗ ಹಾರಿಹೋಗುವ ವಾಸನೆ. ಅರ್ಧ ತಾಸಿನ ಮೇಲೆ ಹೂವಿನದು ಬಿಚ್ಚಿಕೊಳ್ಳುತ್ತದೆ, ಸಂಜೆಗೆ ಉಳಿಯುವುದು ತಳದ್ದು. ಹಳೆಯ ಪದ್ಧತಿಯ ಅತ್ತರಿನಲ್ಲಿ ಆ ತಳ ಗಂಧದ ಎಣ್ಣೆ. ಈಗ ಗಂಧದ ಎಣ್ಣೆ ತುಟ್ಟಿ, ಅಗ್ಗದ ಶೀಶೆಗಳಲ್ಲಿ ಬೇರೆ ಎಣ್ಣೆ, ರಾಸಾಯನಿಕಗಳ ಮೇಲೆ ಕಟ್ಟಿರುತ್ತಾರೆ. ಬೆಳಿಗ್ಗೆ ಬಂದ ವಾಸನೆಯೇ ಚೂರೂ ಬದಲಾಗದೆ ಸಂಜೆತನಕ ಬಂದರೆ ನನಗೆ ಸಂಶಯ ಶುರು. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ನೋಡುವುದೂ ಇಲ್ಲ. ಮೂಗು ದಣಿದರೆ ಕಾಫಿಬೀಜ ಮೂಸಬೇಕು ಅಂತಾರಲ್ಲ, ನಾನು ನನ್ನದೇ ಮೊಣಕೈ ಮಡಿಕೆ ಮೂಸುತ್ತೇನೆ, ಮೂಗು ಮತ್ತೆ ತಿಳಿಯಾಗುತ್ತದೆ. ಇಬ್ಬರೂ ಹೋಗಲೇಬೇಕು, ಇದು ಮುಖ್ಯ. ಒಂದೇ ಅತ್ತರ್ ನಮ್ಮವರ ಕೈಮೇಲೆ ಬೇರೆ, ನನ್ನ ಕೈಮೇಲೆ ಬೇರೆ. ನಾನು ಅವರ ಕೈ ಮೂಸಿ ಆರಿಸುತ್ತೇನೆ, ಅವರು ನನ್ನದು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಬಜಾರಿನ ನಡುವೆ ಗಂಡನ ಮುಂಗೈ ಹಿಡಿದು ನಿಲ್ಲಲು ಇದೊಂದು ನೆವ ಅಂದರೂ ಸರಿಯೇ.

ನಮ್ಮ ಕಡೆಯ ಬಿಸಿಲಿಗೆ ಎಲ್ಲ ಅತ್ತರೂ ಒಗ್ಗುವುದಿಲ್ಲ. ಏಪ್ರಿಲ್-ಮೇನಲ್ಲಿ 42 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಆಗ ಊದ್, ಶಮಾಮಾದಂಥ ಗಾಢ ಅತ್ತರ್ ಹಚ್ಚಿದರೆ ಪಕ್ಕದಲ್ಲಿ ಕೂತವರು ಎದ್ದು ಹೋಗುತ್ತಾರೆ. ಅವು ಚಳಿಗಾಲದವು. ಬೇಸಿಗೆಗೆ ಖಸ್, ಅಂದರೆ ಲಾವಂಚದ ಬೇರಿನದು, ಇಲ್ಲವೇ ಮಿಟ್ಟಿ. ಮಿಟ್ಟಿ ಅತ್ತರನ್ನು ಉತ್ತರಪ್ರದೇಶದ ಕನೌಜಿನಲ್ಲಿ ಮಾಡುತ್ತಾರೆ. ಸುಟ್ಟ ಮಣ್ಣಿನ ಚೂರುಗಳನ್ನು ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ಕುದಿಸಿ, ಆ ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ, ಗಂಧದ ಎಣ್ಣೆ ಇರುವ ಪಾತ್ರೆಗೆ ಇಳಿಸುತ್ತಾರೆ. ಹಂಡೆಗೆ ದೇಗ್, ಕೆಳಗಿನ ಪಾತ್ರೆಗೆ ಭಪ್ಕಾ ಅಂತ ಹೆಸರು. ಅದರದ್ದು ಮೊದಲ ಮಳೆಯ ವಾಸನೆ. ಆ ವಾಸನೆಗೆ ಪೆಟ್ರಿಕೋರ್ ಎಂಬ ಹೆಸರು ಬಂದದ್ದು 1964ರಲ್ಲಿ, ಇಬ್ಬರು ಆಸ್ಟ್ರೇಲಿಯಾ ವಿಜ್ಞಾನಿಗಳಿಂದ. ಅದರಲ್ಲಿರುವ ಜಿಯೋಸ್ಮಿನ್ ಮಣ್ಣಿನ ಸೂಕ್ಷ್ಮಜೀವಿಗಳ ಕೊಡುಗೆ. ಲಕ್ಷಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಆದರೆ ತೊಗರಿ ಹೊಲದ ಎರೆಮಣ್ಣು ನೆನೆದಾಗ ಬರುವುದಕ್ಕೂ ಶೀಶೆಯ ಮಿಟ್ಟಿಗೂ ಅಂತರ ಇದೆ. ನಮ್ಮದು ಇನ್ನೂ ಗಡಸು. ಕನೌಜಿನವರು ಎರೆಮಣ್ಣಿನ ಅತ್ತರ್ ಮಾಡಲಿ, ಮೊದಲ ಗಿರಾಕಿ ನಾನೇ.

ಬೀದರಿಗೆ ನಾವು ಖಸ್ ಒಯ್ದೆವು. 2017ರಲ್ಲಿ ಶುರುವಾದ ಕಲಬುರಗಿ–ಬೀದರ್ ರೈಲು ಮಾರ್ಗ ಇದ್ದದ್ದರಿಂದ ಬಸ್ಸಿನ ಡೀಸೆಲ್ ವಾಸನೆ ತಪ್ಪಿತು. ಕೋಟೆಯೊಳಗಿನ ರಂಗೀನ್ ಮಹಲ್‌ಗೆ ಬೀಗ ಇರುತ್ತದೆ, ಅಲ್ಲಿಯ ಪುರಾತತ್ವ ಇಲಾಖೆಯವರನ್ನು ಕೇಳಿಕೊಳ್ಳಬೇಕು. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು, ಕೆತ್ತಿದ ಮರದ ಕಂಬಗಳು, ಆ ತಂಪು ಕಲ್ಲಿನ ಗಾಳಿಯಲ್ಲಿ ಬೇರಿನ ಹಸಿ ವಾಸನೆ. ಈಗ ಮನೆಯಲ್ಲಿ ಆ ಶೀಶೆ ತೆಗೆದರೆ ನನಗೆ ಮೊದಲು ಕಾಣುವುದು ಚಿಪ್ಪಲ್ಲ, ನಮ್ಮವರು ಕತ್ತೆತ್ತಿ ನೋಡುತ್ತ ನಿಂತಾಗಿನ ಅವರ ಕುತ್ತಿಗೆ.

ಅಲ್ಲಿಂದ ಬಿದರಿ ಕೆಲಸದವರ ಓಣಿಗೆ ಹೋದೆವು. ಸತು, ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಗುಲಾಬ್‌ದಾನಿ, ಅತ್ತರ್‌ದಾನಿ, ಪಾನ್‌ದಾನಿ ಎಲ್ಲ ಈ ಕೈಗಳದ್ದೇ. ಒಂದು ಪುಟ್ಟ ಅತ್ತರ್‌ದಾನಿ ಕೊಂಡೆ. ಚಂದಕ್ಕೆ ಅಷ್ಟೇ, ಅತ್ತರನ್ನು ಅದರಲ್ಲಿ ಇಡುವುದಿಲ್ಲ. ಅದಕ್ಕೆ ಬಣ್ಣದ ಗಾಜಿನ ಶೀಶೆ, ಕತ್ತಲೆ ಮೂಲೆಯೇ ಸರಿ.

ಬೀದರ್ ಜಿಲ್ಲೆಯ ಬಸವಕಲ್ಯಾಣ ನಮಗೆ ಶರಣರ ಊರು. ಅಲ್ಲಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಸ್ನಾನ, ತಾಂಬೂಲ, ಗಂಧಲೇಪನಗಳನ್ನೂ ಅರಸನ ಭೋಗಗಳಲ್ಲಿ ಎಣಿಸಿ ವಿಸ್ತಾರವಾಗಿ ಬರೆದಿಟ್ಟ. ಇದನ್ನು ಹೇಳಿದ ಮೇಲೆ ಅತ್ತರಿಗೆ ರೊಕ್ಕ ಹಾಕುವುದು ಶೋಕಿ ಅನ್ನುವುದನ್ನು ನಮ್ಮವರು ಬಿಟ್ಟರು.

ನಾಸಿಕದ ದ್ರಾಕ್ಷಿತೋಟದ್ದು ಸಣ್ಣ ಮಾತು. ಕುಡಿಯುವುದು ನಮ್ಮಿಬ್ಬರಿಗೂ ಹೆಚ್ಚು ಒಗ್ಗದು. ಆದರೆ ಅಲ್ಲಿ ಗ್ಲಾಸ್ ಅಲುಗಿಸಿ ಮೊದಲು ಮೂಸಲು ಹೇಳಿದರು, ವಾಸನೆಗೆ ಹೆಸರು ಕೊಡಲು ಹೇಳಿದರು. ಸಾವಿನ್ಯೋನ್ ಬ್ಲಾಂ ಎಂಬ ಬಿಳಿ ವೈನನ್ನು ಮೂಸಿ ನಮ್ಮವರು "ಡೊಣ್ಣಮೆಣಸಿನಕಾಯಿ ಹೆಚ್ಚಿದಂಗ ಅದಾ" ಅಂದರು. ನಾನು ನಕ್ಕೆ. ಸುರಿದವನು ಮಾತ್ರ ನಗಲಿಲ್ಲ, ಎರಡರಲ್ಲೂ ಒಂದೇ ಜಾತಿಯ ವಸ್ತು ಇದೆ ಅಂದ. ಅಲ್ಲಿಂದ ಇಬ್ಬರಿಗೂ ಚಟ ಹತ್ತಿದೆ. ಈಗ ಅವರು "ಛಲೋ ಅದಾ" ಅಂದು ಸುಮ್ಮನಾಗುವಂತಿಲ್ಲ, ಏನು ಛಲೋ ಅಂತ ಹೇಳಬೇಕು.

ಹಚ್ಚುವ ರೀತಿ ಹೇಳಿಬಿಡುತ್ತೇನೆ. ಸ್ನಾನದ ನಂತರ, ಸೀರೆ ಉಡುವ ಮೊದಲು. ರೇಷ್ಮೆಗೆ ತಾಗಿದರೆ ಕಲೆ. ಮೈ ಒಣಗಿದ್ದರೆ ವಾಸನೆ ಬೇಗ ಹೋಗುತ್ತದೆ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಮೊದಲು ಸವರಿ. ಕಿವಿಯ ಹಿಂದೆ, ಮಣಿಕಟ್ಟಿಗೆ ಒಂದೊಂದು ಹನಿ ಸಾಕು, ತಿಕ್ಕಬೇಡಿ. ಸೂಕ್ಷ್ಮ ಚರ್ಮದವರು ಹಿಂದಿನ ದಿನವೇ ತೋಳಿಗೆ ಹಚ್ಚಿ ನೋಡಲಿ. ನಮ್ಮವರು ಅತ್ತರಿನಲ್ಲಿ ಅದ್ದಿದ ಹತ್ತಿಯ ಫಾಯಾವನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಾರೆ, ನವಾಬರಂತೆ.

ಮುಂದಿನ ಮಳೆಗಾಲಕ್ಕೆ ಒಡಿಶಾದ ಗಂಜಾಂ ಅಂತ ನನ್ನ ಲೆಕ್ಕ. ಕೇದಿಗೆ ಅರಳುವ ಕಾಲ, ಅದೇ ಹೂವಿನ ಕೇವಡಾ ಅತ್ತರಿನ ತವರು. ಬಿರಿಯಾನಿಗೆ ಹಾಕುವ ಕೇವಡಾ ನೀರೂ ಇದೇ ಹೂವಿನದು. ಅತ್ತೆಯವರದ್ದು ಒಂದು ಆಕ್ಷೇಪ: ಕೇದಿಗೆ ಶಿವನಿಗೆ ಆಗುವುದಿಲ್ಲ, ಮನೆಯೊಳಗೆ ಬೇಡ. ಅವರ ಮಗನದ್ದು, ಅಂದರೆ ನಮ್ಮವರದ್ದು, ಇನ್ನೊಂದು. ಚಾಚಾನ ಅಂಗಡಿಯಲ್ಲಿ ಕೈಗೆ ಹಚ್ಚಿಸಿಕೊಂಡು, ಅರ್ಧ ತಾಸು ಕಾಯ್ದು, ಮೂಸಿ ಮೂಸಿ ನೋಡಿ ಹೇಳಿದರು: "ಊರಿಗಿ ಹೋಗೋಣು, ನಾ ಬ್ಯಾಡ ಅನ್ನಾಂಗಿಲ್ಲ. ಆದರ ಈ ವಾಸನಿ ಬಂದ್ರ ನನಗ ಬಿರಿಯಾನಿ ನೆನಪಾಗ್ತದ, ನೀ ಅಲ್ಲ."