ಮನೆಯೊಳಗೆ ಬಾವಲಿ ಬಂದರೆ ತಕ್ಷಣ ಓಡಿಸಬೇಡಿ

ರಾತ್ರಿ ಕೋಣೆಯಲ್ಲಿ ಬಾವಲಿ ಸುತ್ತು ಹೊಡೆಯುತ್ತಿದ್ದರೆ ಕೈ ತಾನಾಗಿ ಪೊರಕೆ ಕಡೆ ಹೋಗುತ್ತದೆ. ಕಿಟಕಿ ತೆಗೆದು ಅಟ್ಟಿಬಿಟ್ಟರೆ ಮುಗೀತು ಅಂದುಕೊಳ್ಳುತ್ತೇವೆ. ಸ್ವಲ್ಪ ತಾಳಿ. ಅದು ಬಂದಾಗ ಅಲ್ಲಿ ಯಾರಾದರೂ ಮಲಗಿದ್ದರಾ? ಮಾತು ಬಾರದ ಮಗು ಇತ್ತಾ? ಕುಡಿದು ಮಲಗಿದವರು, ಮಂಪರಿನಲ್ಲಿರುವ ರೋಗಿ? ಇದ್ದರೆ ಬಾವಲಿಯನ್ನು ಹೊರಗೆ ಬಿಡಬೇಡಿ, ಅದಕ್ಕೆ ರೇಬೀಸ್ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕಾಗಬಹುದು.

ಕಚ್ಚಿದ್ದರೆ ಎಚ್ಚರ ಆಗುತ್ತಿರಲಿಲ್ವಾ ಅಂತ ಕೇಳುತ್ತೀರಿ. ಆಗದೇ ಇರಬಹುದು. ಸಣ್ಣ ಬಾವಲಿಯ ಹಲ್ಲು ಸೂಜಿಮೊನೆಯಷ್ಟೇ. ರಕ್ತ ಬರದೆ, ಗುರುತೂ ಕಾಣದೆ ಹೋಗಬಹುದು. ಮೈಯೆಲ್ಲಾ ಹುಡುಕಿ ಏನೂ ಇಲ್ಲ ಅಂದರೆ ಸಾಲದು. ಕಚ್ಚಿಲ್ಲ ಅಂತ ಖಚಿತವಾಗಿ ಹೇಳಲು ಆಗದಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು.

ಹಾಗಂತ ಬಾವಲಿ ಕಂಡಾಗಲೆಲ್ಲ ಹೆದರಬೇಕಿಲ್ಲ. ಬಹುಪಾಲು ಬಾವಲಿಗಳಿಗೆ ರೇಬೀಸ್ ಇರುವುದಿಲ್ಲ. ಜಗತ್ತಿನಲ್ಲಿ ಮನುಷ್ಯರಿಗೆ ಈ ರೋಗ ನೂರಕ್ಕೆ 99ರಷ್ಟು ತಗಲುವುದು ನಾಯಿಯಿಂದ. ಆದರೆ ಅಮೆರಿಕ ಖಂಡದಲ್ಲಿ ಬಾವಲಿಯದೇ ದೊಡ್ಡ ಪಾಲು. ಆಸ್ಟ್ರೇಲಿಯಾದ ಬಾವಲಿಗಳಲ್ಲಿ 1996ರಲ್ಲಿ ರೇಬೀಸ್‌ನ ದಾಯಾದಿಯಂಥ ಇನ್ನೊಂದು ವೈರಸ್ ಸಿಕ್ಕಿತು. ಅದೂ ಪ್ರಾಣ ತೆಗೆಯುವಂಥದ್ದೇ. ತಲೆಯ ಮೇಲೆ ಹಾರಿಹೋಯಿತು, ಹಿಕ್ಕೆ ಮುಟ್ಟಿದೆ ಅಂದರೆ ರೇಬೀಸ್ ಬರುವುದಿಲ್ಲ. ವೈರಸ್ ಇರುವುದು ಜೊಲ್ಲಿನಲ್ಲಿ. ಕಚ್ಚಿದಾಗ, ಪರಚಿದಾಗ, ಇಲ್ಲವೇ ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಿದಾಗ ಒಳಗೆ ಹೋಗುತ್ತದೆ.

ಹಿಡಿಯುವುದು ಅಷ್ಟೇನೂ ಕಷ್ಟ ಅಲ್ಲ, ಆತುರ ಪಡಬಾರದು ಅಷ್ಟೇ. ಬಾಗಿಲು ಕಿಟಕಿ ಮುಚ್ಚಿ, ಮಕ್ಕಳನ್ನೂ ನಾಯಿಬೆಕ್ಕನ್ನೂ ಆಚೆ ಕಳಿಸಿ, ಅದು ಗೋಡೆಗೋ ಪರದೆಗೋ ಅಂಟಿ ಕೂರುವವರೆಗೆ ಕಾಯಿರಿ. ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ. ಡಬ್ಬಿಯನ್ನು ಅದರ ಮೇಲೆ ಕವುಚಿ, ಡಬ್ಬಿಗೂ ಗೋಡೆಗೂ ನಡುವೆ ಗಟ್ಟಿ ರಟ್ಟನ್ನು ಮೆಲ್ಲಗೆ ತೂರಿಸಿ. ಸುತ್ತ ಟೇಪ್ ಹಾಕಿ, ಗಾಳಿಗೆ ಸಣ್ಣ ತೂತು ಬಿಟ್ಟು, ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಸಿಟ್ಟಿನಲ್ಲಿ ತಲೆ ಜಜ್ಜಬೇಡಿ, ರೇಬೀಸ್ ಪರೀಕ್ಷೆ ಮಾಡುವುದು ಅದರ ಮೆದುಳಿನಲ್ಲಿ. ಧೈರ್ಯ ಸಾಲದಿದ್ದರೆ ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿ, ತಿಳಿದವರನ್ನು ಕರೆಯಿರಿ. ತಪ್ಪಿಸಿಕೊಂಡು ಹೋಯಿತಾ? ಆಗಲೂ ಆಸ್ಪತ್ರೆಗೆ ಹೋಗುವುದು ನಿಲ್ಲಬಾರದು.

ಎಲ್ಲರೂ ಎಚ್ಚರ ಇದ್ದು, ಯಾರಿಗೂ ತಾಗಿಲ್ಲ ಅಂತ ಗೊತ್ತಿದ್ದರೆ ಮಾತ್ರ ಒಳಗಿನ ಬಾಗಿಲು ಮುಚ್ಚಿ, ಕಿಟಕಿ ತೆರೆದು, ದೀಪ ಆರಿಸಿ. ತಾನೇ ಹೋಗುತ್ತದೆ.

ಕಚ್ಚಿದ್ದರೆ ನಲ್ಲಿ ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಮ್ನೆ ನೀರು ಹಾಕಿ ಒರೆಸಿಕೊಂಡರೆ ಆಗಲಿಲ್ಲ, ಗಡಿಯಾರ ನೋಡಿಕೊಂಡೇ ತೊಳೆಯಬೇಕು. ಆಮೇಲೆ ನೇರ ಆಸ್ಪತ್ರೆಗೆ. ಹೊಟ್ಟೆಗೆ 14 ಇಂಜೆಕ್ಷನ್ ಅನ್ನುವ ಹಳೇ ಹೆದರಿಕೆ ಇನ್ನೂ ಎಷ್ಟೋ ಜನರನ್ನು ಬಿಟ್ಟಿಲ್ಲ. ಆ ಕಾಲ ಹೋಯಿತು. ಈಗ ತೋಳಿಗೆ ನಾಲ್ಕೈದು ಲಸಿಕೆ, ಅಗತ್ಯ ಇದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ ವಿರುದ್ಧ ಸಿದ್ಧ ಪ್ರತಿಕಾಯಗಳಿರುವ ಚುಚ್ಚುಮದ್ದು. ರೋಗದ ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ಚೆನ್ನಾಗೇ ಇದ್ದೀನಲ್ವಾ ಅಂತ ಕಾದು ನೋಡುವ ರೋಗ ಇದಲ್ಲ.

ಬೆಕ್ಕಿನ ಕಥೆ ಬೇರೆ. ಅದು ಬೇಟೆ ಬಿಡುವುದಿಲ್ಲ. ಹಗಲಲ್ಲಿ ನೆಲದ ಮೇಲೆ ಹಾರಲಾಗದೆ ಬಿದ್ದಿರುವ ಬಾವಲಿಗೆ ಕಾಯಿಲೆ ಇರುವ ಸಾಧ್ಯತೆ ಜಾಸ್ತಿ, ಬೆಕ್ಕಿಗೆ ಸುಲಭವಾಗಿ ಸಿಗುವುದೂ ಅಂಥದ್ದೇ. ಮನೆಬಿಟ್ಟು ಹೊರಗೆ ಹೋಗದ ಬೆಕ್ಕಿಗೂ ರೇಬೀಸ್ ಲಸಿಕೆ ಹಾಕಿಸಿ, ಏಕೆಂದರೆ ಬಾವಲಿಯೇ ಒಳಗೆ ಬರುತ್ತದೆ. ಬಾವಲಿ ಜೊತೆ ಕಾದಾಡಿದ್ದರೆ, ಲಸಿಕೆ ಆಗಿದ್ದರೂ ಪಶುವೈದ್ಯರಿಗೆ ತೋರಿಸಿ. ಇನ್ನೊಂದು ಡೋಸ್ ಬೇಕಾಗುತ್ತದೆ.

ಇನ್ನು ಅಟ್ಟದಲ್ಲಿ ಸೇರಿಕೊಂಡ ಬಾವಲಿಗಳ ವಿಷಯ. ಒಳಗೆ ನುಗ್ಗಲು ಸಣ್ಣ ಬಾವಲಿಗೆ ಒಂದೂವರೆ ಸೆಂಟಿಮೀಟರ್ ಸಂದಿ ಸಾಕು. ಸಂಜೆ ಹೊರಗೆ ನಿಂತು ಎಲ್ಲಿಂದ ಬರುತ್ತಿವೆ ನೋಡಿ. ಆ ಸಂದಿಯ ಮೇಲೆ ಬಲೆಯನ್ನು ಮೇಲಿಂದ ಇಳಿಬಿಡಿ, ಕೆಳಗೆ ಸಡಿಲ ಇರಲಿ. ಹೊರಗೆ ಹೋದದ್ದು ವಾಪಸು ಬರಲಾಗುವುದಿಲ್ಲ. ಕೆಲವು ರಾತ್ರಿ ಕಳೆದ ಮೇಲೆ ಸಂದಿ ಮುಚ್ಚಿ. ಮರಿ ಇರುವ ಕಾಲದಲ್ಲಿ ಮಾತ್ರ ಈ ಕೆಲಸ ಬೇಡ. ತಾಯಿ ಹೊರಗೆ ಉಳಿದರೆ ಹಾರಲಾರದ ಮರಿಗಳು ಅಟ್ಟದಲ್ಲೇ ಸಾಯುತ್ತವೆ, ಕೆಲವು ತೆವಳಿಕೊಂಡು ನಿಮ್ಮ ಕೋಣೆಗೇ ಇಳಿಯುತ್ತವೆ.